ಒಗೆದು ಇಸ್ತ್ರಿ ಮಾಡಿದ ಕೋಟು

ಗುಂಡ್ಲುಪೇಟೆ

ಅಮೆರಿಕಕ್ಕೆ ಹೋಗಿ ಬಂದು ಎಂಟು ತಿಂಗಳಾಯಿತು. ಚಾಮರಾಜನಗರದಲ್ಲಿ ನಾನು ಗುಮಾಸ್ತನಾಗಿರುವ ಕಚೇರಿಯಲ್ಲಿ ಈಗಲೂ ಯಾರಾದರೊಬ್ಬರು ನನ್ನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು, “ಸಿದ್ದರಾಜು, ಅಲ್ಲೀದು ಒಂದು ಹೇಳಪ್ಪ” ಎನ್ನುತ್ತಾರೆ. ನಾನು ರಸ್ತೆಯ ಬಗ್ಗೆ ಹೇಳುತ್ತೇನೆ. ಹಾರನ್ ಹೊಡೆಯದ ಲಾರಿಗಳ ಬಗ್ಗೆ ಹೇಳುತ್ತೇನೆ. ಕೋಟಿನ ಮಾತು ಬಂದರೆ ಮಾತ್ರ ಎಲ್ಲರಿಗೂ ಟೀ ತರಿಸಿ ಮಾತು ತಿರುಗಿಸುತ್ತೇನೆ.

ಕಳೆದ ವಾರ ಟೆಕ್ಸಸ್ಸಿನ ಒಬ್ಬ ವಯಸ್ಸಾದ ಹೆಂಗಸಿಗೆ ಪತ್ರ ಹಾಕಿದೆ. ಮೂರು ಸಲ ಬರೆದು ಹರಿದು ನಾಲ್ಕನೆಯ ಸಲ ಬರೆದದ್ದು. ನನ್ನ ಇಂಗ್ಲಿಷು ಕಚೇರಿಯ ಇಂಗ್ಲಿಷು. ‘ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ’ ಎಂದು ಶುರುವಾಗಿ ಅರ್ಧ ಪುಟಕ್ಕೇ ಮುಗಿದುಹೋಯಿತು. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಪ್ರವಾಸದ ಕಥೆ ಓದೋಣವೆಂದು ಕೂತವರು ಕ್ಷಮಿಸಬೇಕು, ಇದರಲ್ಲಿ ಜಲಪಾತವೂ ಇಲ್ಲ, ನೂರು ಅಂತಸ್ತಿನ ಕಟ್ಟಡವೂ ಇಲ್ಲ. ಒಂದು ಕೋಟು ಇದೆ. ನಾನು ಹೇಳಿದ ಒಂದು ಸುಳ್ಳು ಇದೆ.

ನಮ್ಮಪ್ಪ ಮಾದಯ್ಯ ಹರವೆ ಕಡೆಯ ಕೂಲಿಯವರ ಮನೆಯಲ್ಲಿ ಹುಟ್ಟಿ, ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್ ಆದವರು. ಅರವತ್ತರ ದಶಕದಲ್ಲಿ ಒಮ್ಮೆ ಎಲ್ಡನ್ ಪ್ರೂಯಿಟ್ ಎಂಬ ಅಮೆರಿಕದ ಹಾಡುಗಾರ ಊಟಿಗೆ ಹೋಗುವ ದಾರಿಯಲ್ಲಿ ಬಂಡೀಪುರದ ಗೆಸ್ಟ್‌ಹೌಸಿನಲ್ಲಿ ಮೂರು ದಿನ ಉಳಿದನಂತೆ. ತಾನೇ ಹಾಡು ಕಟ್ಟಿ ತಾನೇ ಗಿಟಾರು ಬಾರಿಸಿ ಹಾಡುವ ರಾಕ್ ಅಂಡ್ ರೋಲ್ ಗಾಯಕ. ಅವನ ದೇಶದಲ್ಲಿ ಹುಡುಗಿಯರು ಅವನನ್ನು ನೋಡಿ ಮೂರ್ಛೆ ಹೋಗುತ್ತಿದ್ದರಂತೆ. ಬಂಡೀಪುರದಲ್ಲಿ ಅವನನ್ನು ಕಂಡು ಒಂದು ಜಿಂಕೆಯೂ ತಲೆ ಎತ್ತಿರಲಿಕ್ಕಿಲ್ಲ. ಕಾಡು ತೋರಿಸಲು ಅವನ ಜೊತೆ ಹೋದವರು ನಮ್ಮಪ್ಪ. ಧನುರ್ಮಾಸದ ಬೆಳಗಿನ ಚಳಿ, ಅಪ್ಪನ ಮೈಮೇಲೆ ಖಾಕಿ ಅಂಗಿ ಬಿಟ್ಟರೆ ಇನ್ನೇನೂ ಇಲ್ಲ. ಮೂರನೆಯ ದಿನ ಅವನು ತನ್ನ ಕೆನೆಬಣ್ಣದ ಕೋಟು ಬಿಚ್ಚಿ ಅಪ್ಪನಿಗೆ ತೊಡಿಸಿ, ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳದೆ ಹೊರಟುಹೋದ. ಆಗ ಯಾರೋ ತೆಗೆದ ಫೋಟೋ ಒಂದಿದೆ. ಅಪ್ಪ ಕೋಟಿನೊಳಗೆ ಮುಳುಗಿಹೋಗಿದ್ದಾರೆ, ಹಾಡುಗಾರ ಬರಿ ಷರ್ಟಿನಲ್ಲಿ ಕೈಕಟ್ಟಿ ನಡುಗುತ್ತ ನಗುತ್ತಿದ್ದಾನೆ.

ಅಪ್ಪ ಆ ಕೋಟನ್ನು ಮತ್ತೆ ಹಾಕಲಿಲ್ಲ. ಟ್ರಂಕಿನಲ್ಲಿ ಬೇವಿನ ಸೊಪ್ಪಿನ ನಡುವೆ ಇಟ್ಟುಕೊಂಡಿದ್ದರು. ಸೊಪ್ಪನ್ನು ಮಾತ್ರ ವರ್ಷ ವರ್ಷ ಬದಲಾಯಿಸುತ್ತಿದ್ದರು. ಅವರು ತೀರಿಕೊಂಡು ಆರು ವರ್ಷಕ್ಕೆ, ಹಳೆಯ ರೆಕಾರ್ಡುಗಳ ಹುಚ್ಚಿನ ಅಮೆರಿಕನ್ ಒಬ್ಬ ಬಂಡೀಪುರಕ್ಕೆ ಬಂದವನು ಕ್ಯಾಂಟೀನಿನ ಗೋಡೆಯ ಮೇಲೆ ಆ ಫೋಟೋ ನೋಡಿ ಹೌಹಾರಿ, ವಿಚಾರಿಸಿಕೊಂಡು ಗುಂಡ್ಲುಪೇಟೆಯ ನಮ್ಮ ಮನೆಗೇ ಬಂದ. ಎರಡು ತಿಂಗಳಿಗೆ ಹಾಡುಗಾರನ ಅಕ್ಕ ಲೂಯೆಲ್ಲಾ ಅವರಿಂದ ಪತ್ರ ಬಂತು. ತಮ್ಮ ತೀರಿಹೋಗಿ ಬಹಳ ವರ್ಷವಾಯಿತು, ಊರಿನಲ್ಲಿ ಅವನ ಹೆಸರಿನಲ್ಲಿ ಸಣ್ಣದೊಂದು ಮ್ಯೂಸಿಯಂ ಮಾಡಿದ್ದೇನೆ, ಕೋಟು ತಂದುಕೊಡುವುದಾದರೆ ಹೋಗಿಬರುವ ಟಿಕೆಟ್ಟು ನನ್ನದು ಎಂದು ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು: ‘ದಯವಿಟ್ಟು ಕೋಟನ್ನು ಈಗ ಹೇಗಿದೆಯೋ ಹಾಗೆಯೇ ತನ್ನಿ. ಅದಕ್ಕೇನೂ ಮಾಡಬೇಡಿ.’

ನಾವು ಮನೆಗೆ ಕರೆಯುವಾಗ “ಏನೂ ತರಬೇಡಿ, ಬರಿಗೈಲಿ ಬನ್ನಿ” ಅನ್ನುತ್ತೇವಲ್ಲ, ಹಾಗೆಂದುಕೊಂಡೆ. ಹಾಗೆ ಕರೆದ ಮನೆಗೆ ನಾವು ಯಾರು ಬರಿಗೈಲಿ ಹೋಗುತ್ತೇವೆ? ಬೇಡ ಅಂದವರಿಗೆ ಒಂದು ಚಿಪ್ಪು ಬಾಳೆಹಣ್ಣಾದರೂ ಒಯ್ದರೇ ಮರ್ಯಾದೆ. ಒಬ್ಬರು ಉಟ್ಟ ಬಟ್ಟೆಯನ್ನು ಒಗೆಯದೆ ಇನ್ನೊಬ್ಬರ ಕೈಗೆ ಕೊಡುವುದು ನಮ್ಮಲ್ಲಿ ಉಂಟೇ? ಅದೂ ಸತ್ತವನ ಬಟ್ಟೆ, ಅದೂ ಅಮೆರಿಕಕ್ಕೆ. ಇಂಡಿಯಾದವರು ಕೊಳಕರು ಅಂದುಕೊಂಡಾರು ಎಂಬ ಭಯ ಬೇರೆ.

ಅವ್ವ ತಡೆದಳು. “ಬ್ಯಾಡ ಕಣ್ಲಾ ಸಿದ್ದ. ನಿಮ್ಮಪ್ಪ ಅದ್ಕೆ ಒಂದ್ ತೊಟ್ಟು ನೀರು ಸೋಕ್ಸಕ್ಕೆ ಬುಡ್ತಿರ್ನಿಲ್ಲ.”

“ಯಾಕಂತೆ?”

“ನಂಗೇನ್ ಗೊತ್ತು? ಆ ದೊರೆ ಎಂಗೆ ಕೊಟ್ಟವ್ನೋ ಅಂಗೇ ಇರ್ಲಿ ಅನ್ನೋರು.”

“ಅವ್ರಿಗೇನ್ ಗೊತ್ತಾಯ್ತದೆ ಸುಮ್ನಿರವ್ವ” ಎಂದೆ. ಕೋಟಿನ ಮುಂಗೈ ಹತ್ತಿರ ಸಿಗರೇಟಿನಿಂದ ಸುಟ್ಟ ತೂತು ಒಂದಿತ್ತು. ಅದನ್ನು ಚಾಮರಾಜನಗರದ ಟೈಲರ್ ಹತ್ತಿರ ಗೊತ್ತಾಗದ ಹಾಗೆ ಹೊಲಿಸಿದೆ, ಸಡಿಲವಾಗಿದ್ದ ಗುಂಡಿಗಳನ್ನು ಕಿತ್ತು ಹೊಸದು ಹಾಕಿಸಿದೆ. ಆಮೇಲೆ ಏಳನೇ ಕ್ಲಾಸಿನ ನನ್ನ ಮಗಳು ರೂಪಾಳನ್ನೂ ಕರೆದುಕೊಂಡು ಮಡಿವಾಳರ ನಂಜಪ್ಪನ ಮನೆಗೆ ಹೋದೆ. ನಂಜಪ್ಪ ಕೋಟನ್ನು ತಿರುಗಿಸಿ ಒಳಗಿನ ರೇಷ್ಮೆಯ ಅಸ್ತರಿನ ಮೇಲೆ ಬೆರಳಾಡಿಸಿದ.

“ಅಣ್ಣ, ಒಳಗಡೆ ಇಂಕ್‌ನಲ್ಲಿ ಏನೋ ಗೀಚವ್ರೆ. ಇರ್ಲಾ, ತಗೀಲಾ?”

ಕಣ್ಣಿಗೆ ಹತ್ತಿರ ಹಿಡಿದು ನೋಡುವಷ್ಟು ವ್ಯವಧಾನವೂ ನನಗಿರಲಿಲ್ಲ. “ತೆಗಿ ತೆಗಿ. ಪೆನ್ನು ಸೋರಿರ್ಬೇಕು” ಎಂದೆ.

ನಂಜಪ್ಪ ಕೆಲಸದಲ್ಲಿ ಗಟ್ಟಿಗ. ನಿಂಬೆಹಣ್ಣು, ಉಪ್ಪು, ಆಮೇಲೆ ಅವನದೇ ಏನೋ ಔಷಧ ಹಾಕಿ ಮೂರು ಸಲ ಉಜ್ಜಿದನಂತೆ. ನೀಲಿ ಕೊಟ್ಟು, ಗಂಜಿ ಹಾಕಿ, ಇದ್ದಿಲಿನ ಪೆಟ್ಟಿಗೆಯಿಂದ ಇಸ್ತ್ರಿ ಮಾಡಿ ತಂದಾಗ ಕೋಟು ಮದುಮಗನ ಕೋಟಿನಂತೆ ಹೊಳೆಯುತ್ತಿತ್ತು. ನನಗೆ ಬಹಳ ಖುಷಿಯಾಯಿತು.

ಮದರಾಸು, ಆಮೇಲೆ ಆಕಾಶ

ಇಸ್ತ್ರಿ ಮುರಿಯಬಾರದೆಂದು ಕೋಟನ್ನು ಪೆಟ್ಟಿಗೆಗೆ ಹಾಕಲಿಲ್ಲ. ಹ್ಯಾಂಗರಿಗೆ ಸಿಕ್ಕಿಸಿ, ಮೇಲೊಂದು ಪ್ಲಾಸ್ಟಿಕ್ ಹೊದಿಸಿ, ಗುಂಡ್ಲುಪೇಟೆಯ ಬಸ್ಸಿನಿಂದಲೇ ಕೈಯಲ್ಲಿ ಎತ್ತಿ ಹಿಡಿದು ಹೊರಟೆ. ಮದರಾಸಿನ ರೈಲಿನಲ್ಲಿ ಎದುರು ಕೂತ ಯಜಮಾನರು ನನ್ನನ್ನೂ ಕೋಟನ್ನೂ ನೋಡಿ “ಮಾಪ್ಪಿಳ್ಳೈಯಾ?” ಎಂದರು. ನಲವತ್ತೆರಡರ ವಯಸ್ಸಿಗೆ ಮದುಮಗನೇ ಎಂದು ಕೇಳಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ವಿಮಾನದಲ್ಲಿ ಗಗನಸಖಿ ತೂಗುಹಾಕುತ್ತೇನೆ ಕೊಡಿ ಎಂದು ಎರಡು ಸಲ ಕೇಳಿದಳು. ಕೊಡದೆ, ಮಗುವನ್ನು ಮಲಗಿಸಿಕೊಂಡಂತೆ ತೊಡೆಯ ಮೇಲೇ ಇಟ್ಟುಕೊಂಡೆ. ಊಟದ ತಟ್ಟೆ ಇಡಲು ಜಾಗವಿಲ್ಲದೆ ಬ್ರೆಡ್ಡು ಮಾತ್ರ ತಿಂದೆ.

ಡಲ್ಲಾಸಿನಲ್ಲಿ ಇಳಿದಾಗ ಕಸ್ಟಮ್ಸಿನ ಅಧಿಕಾರಿ ಕೋಟನ್ನು ಮುಟ್ಟಿ ಹುಬ್ಬೇರಿಸಿದ. ನಂಜಪ್ಪನ ಗಂಜಿಗೆ ಅದು ಹಪ್ಪಳದ ಹಾಗೆ ನಿಂತಿತ್ತು. ಒಳಗೆ ಏನನ್ನೋ ಇಟ್ಟು ಹೊಲಿದಿದ್ದಾರೆ ಎಂದು ಅವನಿಗೆ ಅನುಮಾನ. ಬೆರಳಿನಿಂದ ತಟ್ಟಿ ನೋಡಿದ.

“ಇದು ಯಾಕೆ ಇಷ್ಟು ಗಟ್ಟಿ?”

ಗಂಜಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. “ಅನ್ನ ಸಾರ್, ಅನ್ನದ ನೀರು” ಎಂದೆ.

“ಕೋಟಿಗೆ ಅನ್ನ ಹಾಕುತ್ತೀರಾ?”

“ಗೌರವಕ್ಕೆ ಸಾರ್.”

ಅವನು ಪಕ್ಕದವನನ್ನು ಕರೆದು ಅವನಿಗೂ ಹೇಳಿಸಿದ. ಇಬ್ಬರೂ ನಕ್ಕರು, ನಾನೂ ನಕ್ಕೆ. ಆ ಪ್ರಯಾಣದಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅಲ್ಲಿಗೆ ಕೊನೆ.

ಹತ್ತಿಯ ಸೀಮೆ

ಲೂಯೆಲ್ಲಾ ಅವರೇ ಕರೆದೊಯ್ಯಲು ಬಂದಿದ್ದರು. ಎಪ್ಪತ್ತು ದಾಟಿದ ಹೆಂಗಸು, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಹಿಂದೆ ಸಾಮಾನು ತುಂಬುವ ವ್ಯಾನಿನಂಥ ಗಾಡಿಯನ್ನು ನಮ್ಮೂರ ರಸ್ತೆಯ ಕೇರಳದ ಲಾರಿ ಡ್ರೈವರುಗಳಿಗಿಂತ ಜೋರಾಗಿ ಓಡಿಸಿದರು. ಎದುರಿಗೆ ಗಾಡಿ ಬಂದಾಗಲೆಲ್ಲ ಸ್ಟಿಯರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಿದ್ದರು, ಎದುರಿನವರೂ ಎತ್ತುತ್ತಿದ್ದರು. ಪರಿಚಯದವರಾ ಎಂದು ಕೇಳಿದೆ. ಅಲ್ಲ, ಹೀಗೆ ಎಲ್ಲರಿಗೂ ಎಂದರು. ನಮ್ಮಲ್ಲಿ ಎದುರಿನ ಡ್ರೈವರಿಗೆ ತೋರಿಸುವುದು ಸಾಮಾನ್ಯವಾಗಿ ಇಡೀ ಕೈ, ಅದರ ಜೊತೆ ಅವನ ವಂಶದ ವಿಚಾರ.

ಎರಡು ಕಡೆಗೂ ಹತ್ತಿ ಹೊಲ. ಗಂಟೆಗಟ್ಟಲೆ ಹೋದರೂ ಕಣ್ಣಿಗೆ ಒಂದು ಬೆಟ್ಟ ಸಿಗಲಿಲ್ಲ. ಗುಂಡ್ಲುಪೇಟೆಯಲ್ಲಿ ಯಾವ ಬೀದಿಯಲ್ಲಿ ನಿಂತು ತಲೆಯೆತ್ತಿದರೂ ಗೋಪಾಲಸ್ವಾಮಿ ಬೆಟ್ಟ ಒಂದು ಕಡೆ ಇದ್ದೇ ಇರುತ್ತದೆ. ಇಲ್ಲಿಯವರು ದಾರಿ ತಪ್ಪಿದರೆ ಏನು ನೋಡಿ ಮನೆ ಹುಡುಕುತ್ತಾರೋ ಎನಿಸಿತು.

ಕೋಟು ನಮ್ಮಿಬ್ಬರ ನಡುವೆ ಕೊಕ್ಕೆಗೆ ತೂಗುತ್ತಿತ್ತು. ನಾನು ಪ್ಲಾಸ್ಟಿಕ್ ಸರಿಸಿ ತೋರಿಸಹೋದೆ. ಅವರು ಕೈಯಡ್ಡ ಹಿಡಿದರು.

“ಈಗ ಬೇಡ. ನಾಳೆ, ಎಲ್ಲರ ಎದುರಿಗೆ. ಇಷ್ಟು ವರ್ಷ ಕಾದಿದ್ದೇನೆ, ಈಗ ನೋಡಿಬಿಟ್ಟರೆ ಗಾಡಿ ಓಡಿಸುವುದಕ್ಕೆ ಆಗುವುದಿಲ್ಲ” ಎಂದರು. ಹೇಳುತ್ತ ಅವರ ಧ್ವನಿ ನಡುಗಿತು. ತಮ್ಮನ ನೆನಪಿಗೆ ಎಂದುಕೊಂಡೆ.

ಎಲ್ಡನ್ನನ ಮನೆ

ಮ್ಯೂಸಿಯಂ ಎಂದರೆ ನಮ್ಮ ಮೈಸೂರಿನ ಅರಮನೆಯಂಥದ್ದೇನೋ ಎಂದುಕೊಂಡು ಹೋಗಿದ್ದೆ. ಅದು ಅವರಪ್ಪ ಟೈರ್ ಅಂಗಡಿ ಇಟ್ಟಿದ್ದ ಎರಡು ಕೋಣೆಯ ಕಟ್ಟಡ. ಬೆಳಿಗ್ಗೆ ಹತ್ತಕ್ಕೆ ಸುಮಾರು ಇಪ್ಪತ್ತು ಜನ ಸೇರಿದ್ದರು. ಹೆಚ್ಚಿನವರು ವಯಸ್ಸಾದವರು, ಎಲ್ಲರೂ ಹಬ್ಬಕ್ಕೆ ಬಂದವರಂತೆ ಒಳ್ಳೆಯ ಬಟ್ಟೆ ಹಾಕಿದ್ದರು. ಕೇಕು ತಂದಿದ್ದರು. ಮೊದಲು ಎಲ್ಲವನ್ನೂ ನೋಡಿ, ಆಮೇಲೆ ಕೋಟು ಎಂದು ಲೂಯೆಲ್ಲಾ ನನ್ನ ತೋಳು ಹಿಡಿದು ಕರೆದೊಯ್ದರು.

ಎಲ್ಡನ್ನನ ಬದುಕು ಗಾಜಿನ ಪೆಟ್ಟಿಗೆಗಳಲ್ಲಿ ಸಾಲಾಗಿ ಇತ್ತು. ಸ್ಕೂಲಿನ ಅಂಕಪಟ್ಟಿ, ಸಂಗೀತದಲ್ಲೇ ಕಡಿಮೆ ಅಂಕ. ಹತ್ತಿ ಗಿರಣಿಯಲ್ಲಿ ಮೂಟೆ ಹೊರುತ್ತ ಹಾಡಿಕೊಳ್ಳುತ್ತಿದ್ದವನನ್ನು ಊರಿನ ರೇಡಿಯೋದವರು ಕರೆದರಂತೆ. ಅಲ್ಲಿಂದ ಮೊದಲ ರೆಕಾರ್ಡು, ಅಲ್ಲಿಂದ ಬಸ್ಸಿನಲ್ಲಿ ಊರೂರು ಸುತ್ತಿ ಆಟ. ನಮ್ಮ ಕಡೆ ನಾಟಕದ ಕಂಪನಿಯವರು ಕ್ಯಾಂಪು ಹಾಕುತ್ತಿದ್ದರಲ್ಲ, ಹಾಗೆ. ಐದು ವರ್ಷ ದೇಶಕ್ಕೆ ದೇಶವೇ ಅವನ ಹಾಡು ಹಾಡಿತು. ಆಮೇಲೆ ಹೊಸ ಹುಡುಗರ ತಂಡಗಳು ಬಂದವು, ಇವನ ರೆಕಾರ್ಡು ಯಾರಿಗೂ ಬೇಡವಾಯಿತು. ಎರಡು ವರ್ಷ ಒಂದು ಸಾಲು ಬರೆಯಲಾಗಲಿಲ್ಲವಂತೆ. ಗಿಟಾರು ಮನೆಯಲ್ಲಿ ಬಿಟ್ಟು ಪ್ರಪಂಚ ಸುತ್ತಲು ಹೊರಟದ್ದು ಆಗ.

ಗಿಟಾರನ್ನು ನೋಡಿದೆ. ಮುಂಗೈ ಉಜ್ಜಿ ಉಜ್ಜಿ ಮರದ ಬಣ್ಣ ಒಂದು ಕಡೆ ಹೋಗಿತ್ತು. ಅದಕ್ಕೆ ಯಾರೂ ಪಾಲಿಶ್ ಮಾಡಿರಲಿಲ್ಲ. ಪಕ್ಕದಲ್ಲಿ ಅವನ ಬಾಚಣಿಗೆ, ಹಲ್ಲಿನ ನಡುವೆ ಇನ್ನೂ ಎರಡು ಕೂದಲು. ಕಾಫಿಯ ಬಟ್ಟಲು, ತಳದಲ್ಲಿ ಒಣಗಿದ ಕರೆ. ಅದರಾಚೆ ಕಪ್ಪು ಷರ್ಟು, ಕಂಕುಳಲ್ಲಿ ಬೆವರು ಬಿಳಿಗಟ್ಟಿದ ಗುರುತು. ಆ ಗುರುತಿನ ಮೇಲೆಯೇ ಬೀಳುವಂತೆ ಒಂದು ಸಣ್ಣ ದೀಪ ಹಾಕಿದ್ದರು. ಒಬ್ಬ ಮುದುಕ ಅದರ ಮುಂದೆ ಟೋಪಿ ತೆಗೆದು ನಿಂತಿದ್ದ.

ಇವರು ಬೆವರಿನ ಕಲೆಯನ್ನೂ ಕಾಪಾಡಿ ಇಡುವ ಜನ. ‘ಹೇಗಿದೆಯೋ ಹಾಗೆಯೇ’ ಎಂದು ಬರೆದವರು ಅದನ್ನೇ ಹೇಳಿದ್ದರು.

ಲೂಯೆಲ್ಲಾ ಕೈಗೆ ಬಿಳಿಯ ಗವಸು ಹಾಕಿಕೊಂಡು ಪ್ಲಾಸ್ಟಿಕ್ ತೆಗೆದರು. ಕೋಣೆಗೆಲ್ಲ ನೀಲಿಯ, ಗಂಜಿಯ ವಾಸನೆ ಹರಡಿತು. ಮೊದಲು ಕೋಟಿನ ಮುಂಗೈ ತಿರುಗಿಸಿ ನೋಡಿದರು, ಸುಟ್ಟ ತೂತು ಇರಲಿಲ್ಲ. ಗುಂಡಿಗಳನ್ನು ನೋಡಿದರು. ಆಮೇಲೆ ಕೋಟನ್ನು ನಿಧಾನವಾಗಿ ಮಗುಚಿ ಒಳಗಿನ ರೇಷ್ಮೆಯನ್ನು ಬೆಳಕಿಗೆ ಹಿಡಿದರು. ಬೆಳ್ಳಗೆ, ನುಣ್ಣಗೆ ಇತ್ತು. ಎಡದ ಭಾಗ ನೋಡಿದರು, ಬಲದ್ದು ನೋಡಿದರು, ಮತ್ತೆ ಎಡದ್ದು ನೋಡಿದರು.

“ಇಲ್ಲಿ ಬರೆದದ್ದು ಇತ್ತು” ಎಂದು ಮೆಲ್ಲಗೆ ಹೇಳಿ ನನ್ನ ಕಡೆ ತಿರುಗಿದರು. “ಇದನ್ನು ಒಗೆದರಾ?”

ಇಪ್ಪತ್ತು ಜನ ನನ್ನ ಮುಖ ನೋಡುತ್ತಿದ್ದರು. ಹೌದು ನಾನೇ, ಹೋದ ತಿಂಗಳು, ಎನ್ನಲು ಬೇಕಾದ ಇಂಗ್ಲಿಷು ನನಗೆ ಚೆನ್ನಾಗಿಯೇ ಬರುತ್ತಿತ್ತು.

“ನಮ್ಮ ತಂದೆ ಒಗೆದಿರಬೇಕು ಮೇಡಂ” ಎಂದೆ. “ಬಹಳ ಹಿಂದೆ. ಅವರು ಓದಿದವರಲ್ಲ. ಅವರಿಗೆ ಗೊತ್ತಾಗಲಿಲ್ಲ.”

ಒಂದು ತೊಟ್ಟು ನೀರು ಸೋಕಿಸದೆ ಕಾದುಕೊಂಡಿದ್ದವರ ಮೇಲೆ ಎತ್ತಿಹಾಕಿಬಿಟ್ಟೆ. ಸತ್ತವರು, ಎದ್ದು ಬಂದು ಇಲ್ಲ ಎನ್ನುವುದಿಲ್ಲ. ಅವರಿಗೆ ಓದು ಬರುವುದಿಲ್ಲ ಎಂಬುದನ್ನೂ ನನ್ನ ರಕ್ಷಣೆಗೆ ಬಳಸಿಕೊಂಡೆ. ನಾನು ಓದಿದ್ದು ಅವರ ಸಂಬಳದಲ್ಲಿ.

ಲೂಯೆಲ್ಲಾ ಗವಸಿನ ಕೈಯಿಂದ ನನ್ನ ಭುಜ ತಟ್ಟಿದರು. “ಪಾಪ, ಒಳ್ಳೆಯದಕ್ಕೇ ಮಾಡಿದ್ದಾರೆ. ನೀವು ಬೇಜಾರು ಮಾಡಿಕೊಳ್ಳಬೇಡಿ” ಎಂದರು. ಆಮೇಲೆ ಎಲ್ಲರಿಗೂ ಕೇಕು ಕತ್ತರಿಸಿದರು. ನನ್ನ ತುಂಡೇ ದೊಡ್ಡದಿತ್ತು.

ಭಾನುವಾರ

ಇನ್ನೂ ನಾಲ್ಕು ದಿನ ಆ ಮನೆಯಲ್ಲಿ ಉಂಡೆ, ಮಲಗಿದೆ. ಖಾರ ಇಲ್ಲದೆ ನನಗೆ ಕಷ್ಟವಾಗುತ್ತದೆಂದು ಅವರು ಎಲ್ಲಿಂದಲೋ ಹಸಿಮೆಣಸಿನಕಾಯಿ ತಂದು ಪ್ರತಿ ಊಟಕ್ಕೂ ನನ್ನ ತಟ್ಟೆಯ ಪಕ್ಕ ಎರಡು ಇಡುತ್ತಿದ್ದರು. ಅವು ಕಂಡಾಗಲೆಲ್ಲ ಹೇಳಿಬಿಡಬೇಕು ಎನಿಸುತ್ತಿತ್ತು. ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ಬಂದರೆ ಖಾರದ್ದೆಂದುಕೊಂಡು ನೀರು ತಂದುಕೊಡುತ್ತಿದ್ದರು.

ಭಾನುವಾರ ಚರ್ಚಿನಿಂದ ಬಂದ ಮೇಲೆ ಒಂದು ಪತ್ರ ತಂದು ಓದಿದರು. ಎಲ್ಡನ್ ಊಟಿಯಿಂದ ಅಕ್ಕನಿಗೆ ಬರೆದದ್ದು. ಎರಡು ವರ್ಷದ ನಂತರ ಕಾಡಿನಲ್ಲಿ ಒಂದು ಹಾಡು ಬಂತು, ಕಾಗದವಿಲ್ಲದೆ ಕೋಟಿನ ಒಳಗೇ ಬರೆದೆ, ಈವರೆಗೆ ಬರೆದದ್ದರಲ್ಲಿ ಅದೇ ಒಳ್ಳೆಯದು. ಬೆಳಿಗ್ಗೆ ಜೊತೆಗಿದ್ದ ಗಾರ್ಡ್ ಚಳಿಗೆ ನಡುಗುತ್ತಿದ್ದ, ಕೋಟು ಅವನಿಗೆ ಕೊಟ್ಟೆ. ಹಾಡು ತಲೆಯಲ್ಲಿದೆ, ಊರಿಗೆ ಬಂದು ಬರೆದುಕೊಳ್ಳುತ್ತೇನೆ.

“ತಲೆಯಲ್ಲಿ ಉಳಿಯಲಿಲ್ಲ” ಎಂದರು ಲೂಯೆಲ್ಲಾ. “ರಾಗ ಉಳಿಯಿತು. ಮಾತು ಹೋಯಿತು.”

ಟೇಪ್‌ರೆಕಾರ್ಡರ್ ಒತ್ತಿದರು. ಗಿಟಾರು, ಅದರ ಮೇಲೆ ಗಂಡಸಿನ ಧ್ವನಿ. ಬರಿಯ ಗುನುಗು. ಅಲ್ಲಲ್ಲಿ ಒಂದು ಮಾತು ಹಿಡಿಯಲು ಹೋಗಿ, ನಿಲ್ಲಿಸಿ, ಮತ್ತೆ ಗುನುಗುತ್ತಿದ್ದ. ಪಾಶ್ಚಾತ್ಯ ಸಂಗೀತ ನನಗೆ ತಿಳಿಯದು. ಆದರೂ ಮನುಷ್ಯ ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಎಂಬುದು ಯಾರಿಗಾದರೂ ತಿಳಿಯುವಂತಿತ್ತು. ಅದಾದ ಮರುವರ್ಷವೇ ಅವನು ಎದೆನೋವಿನಿಂದ ತೀರಿಕೊಂಡನಂತೆ.

“ಪತ್ರದಲ್ಲಿ ನಿಮಗೆ ಹಾಡಿನ ವಿಷಯ ಬರೆಯಲಿಲ್ಲ” ಎಂದರು. “ಬರೆದಿದ್ದರೆ ನೀವು ಓದಿ ಕಳಿಸುತ್ತಿದ್ದಿರಿ. ಅವನ ಕೈಬರಹದಲ್ಲಿ ನಾನೇ ಮೊದಲು ಓದಬೇಕು ಎಂದು ಆಸೆ ಇತ್ತು. ಮುದುಕಿಯ ಸ್ವಾರ್ಥ.”

ಅವರು ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದರು. ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ಟೇಪ್‌ರೆಕಾರ್ಡರಿನ ಗುಂಡಿಯನ್ನೇ ನೋಡುತ್ತ, “ಬಹಳ ಚೆನ್ನಾಗಿದೆ ಮೇಡಂ” ಎಂದೆ.

ಹೊರಡುವ ದಿನ

ವಿಮಾನಕ್ಕೆ ಹೊರಡುವ ಮೊದಲು ಮತ್ತೆ ಮ್ಯೂಸಿಯಮ್ಮಿಗೆ ಕರೆದೊಯ್ದರು. ಕೋಟು ಗಾಜಿನೊಳಗೆ ನಿಂತಿತ್ತು, ಗಂಜಿಯ ಬಿಗಿ ಇನ್ನೂ ಹೋಗಿರಲಿಲ್ಲ. ಕೆಳಗೆ ಅಚ್ಚು ಹಾಕಿಸಿದ ಕಾರ್ಡು. ಅದರಲ್ಲಿ ಹೀಗಿತ್ತು: ‘ಎಲ್ಡನ್ ಇದನ್ನು ಭಾರತದ ಅರಣ್ಯ ರಕ್ಷಕ ಮಾದಯ್ಯನವರಿಗೆ ಕೊಟ್ಟನು. ಒಳಗೆ ಎಲ್ಡನ್ ಬರೆದಿದ್ದ ಹಾಡಿನ ಬೆಲೆ ತಿಳಿಯದೆ, ಮಾದಯ್ಯನವರು ಕೋಟನ್ನು ಪ್ರೀತಿಯಿಂದ ಒಗೆದು ಇಟ್ಟಿದ್ದರು.’

“ಹೆಸರಿನ ಸ್ಪೆಲಿಂಗ್ ಸರಿ ಇದೆಯಾ?” ಎಂದು ಕೇಳಿದರು.

“ಸರಿ ಇದೆ” ಎಂದೆ.

“ಬದಲಾಯಿಸಬೇಕಾದದ್ದು ಏನಾದರೂ ಇದ್ದರೆ ಹೇಳಿ.”

ಗಾಡಿ ಹೊರಗೆ ನಿಂತಿತ್ತು, ಹೊತ್ತಾಗುತ್ತಿದೆ ಎಂದುಕೊಂಡೆ. ಹೊತ್ತೇನೂ ಆಗಿರಲಿಲ್ಲ. “ಇಲ್ಲ ಮೇಡಂ” ಎಂದೆ. ಕಾರ್ಡು ಸ್ಪಷ್ಟವಾಗಿ ಕಾಣುವ ಹಾಗೆ ನನ್ನನ್ನು ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ಹಲ್ಲು ಕಾಣುವಂತೆ ನಗುತ್ತಿದ್ದೇನೆ.

ಮನೆ

ಫೋಟೋ ಒಂದು ತಿಂಗಳಿಗೆ ಅಂಚೆಯಲ್ಲಿ ಬಂತು. ನಾನು ಕಚೇರಿಯಿಂದ ಬರುವಷ್ಟರಲ್ಲಿ ಅವ್ವ ಕವರು ಒಡೆಸಿ, ನಡುಮನೆಯಲ್ಲಿ ರೂಪಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಫೋಟೋವನ್ನು ಸೆರಗಿನಿಂದ ಒರೆಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ.

“ನಿಮ್ ತಾತನ್ ಎಸ್ರು ಆಕವ್ರ? ಎಲ್ಲೈತೆ ತೋರ್ಸು ಕಣಮ್ಮಿ.”

ರೂಪಾ ಬೆರಳಿಟ್ಟು ತೋರಿಸಿದಳು. ಅವ್ವ ಆ ಜಾಗ ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡಳು. “ಅಮೇರಿಕ್‌ದಲ್ಲಿ ಗಾಜ್ನೊಳ್ಗೆ ಮಡ್ಗವ್ರಲ್ಲ ನನ್ ಗಂಡನ್ ಎಸ್ರ” ಎಂದು ನನ್ನ ಕಡೆ ನೋಡಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಅಪ್ಪ ಹೋದ ಮೇಲೆ ನಾನು ಕಂಡಿರಲಿಲ್ಲ. “ಅದ್ರ ಮುಂದ್ಕೆ ಏನ್ ಬರ್ದವ್ರೆ? ಓದವ್ವ.”

ರೂಪಾ ಫೋಟೋವನ್ನು ಹತ್ತಿರಕ್ಕೆ ಹಿಡಿದುಕೊಂಡು ತುಟಿಯಾಡಿಸಿ ಓದಿಕೊಂಡಳು. ಒಂದು ಸಲ ಓದಿ, ಮತ್ತೆ ಮೊದಲಿಂದ ಓದಿದಳು. ಇಂಗ್ಲಿಷಿನಲ್ಲಿ ಅವಳು ಕ್ಲಾಸಿಗೇ ಮೊದಲು. ನಂಜಪ್ಪ “ಇರ್ಲಾ, ತಗೀಲಾ” ಎಂದಾಗ ನನ್ನ ಕೈ ಹಿಡಿದು ನಿಂತಿದ್ದವಳು. ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಚಪ್ಪಲಿ ಬಿಡುವ ನೆಪ ಮಾಡಿ ಬಗ್ಗಿದೆ.

“ಯಾಕಮ್ಮಿ, ಓದಕ್ ಬರಕಿಲ್ವ?”

“ಬತ್ತದೆ ಅಜ್ಜಿ” ಎಂದಳು ರೂಪಾ. “ತಾತ ಆ ಕೋಟ್ನ ಒಂದಿನಾನೂ ಒಗೀದೆ, ಆ ದೊರೆ ಎಂಗ್ ಕೊಟ್ಟಿದ್ನೋ ಅಂಗೇ ಜ್ವಾಪಾನ ಮಾಡಿದ್ರು ಅಂತ ಬರ್ದವ್ರೆ.”

“ಊಂ ಮತ್ತೆ. ದಿಟವಾಗೇ ಬರ್ದವ್ರೆ ಬುಡು” ಎಂದಳು ಅವ್ವ.

ರೂಪಾ ಎದ್ದು ಬಂದು, ಫೋಟೋವನ್ನು ನನ್ನ ಕೈಗೆ ಕೊಟ್ಟು, ಮುಖ ನೋಡದೆ ಒಳಗೆ ಹೋದಳು.